ತಾತನ ಟ್ರಂಕನ್ನು ಮಳೆಗಾಲದಲ್ಲಿ ಬಿಚ್ಚಬೇಡಿ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಊರು. ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಬಾಂಬರ್ ವಿಮಾನದ ಪೈಲಟ್ ಆಗಿದ್ದರು. ‘ವೆಂಜೆನ್ಸ್’ ಅಂತ ವಿಮಾನದ ಹೆಸರು ಹೇಳುತ್ತಿದ್ದದ್ದು ಅಪ್ಪನಿಗೆ ನೆನಪಿದೆ. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಅಟ್ಟದಲ್ಲಿ ಅವರ ಕಬ್ಬಿಣದ ಟ್ರಂಕ್ ಸಿಕ್ಕಿದೆ. ಒಳಗೆ ಬೂದು ನೀಲಿ ಉಣ್ಣೆ ಕೋಟು, ಖಾಕಿ ಅಂಗಿ ಚಡ್ಡಿ, ಟೋಪಿ, ಚರ್ಮದ ಹೆಲ್ಮೆಟ್, ರಬ್ಬರ್ ಮಾಸ್ಕ್, ಪದಕಗಳು, ಕೈಗಡಿಯಾರ, ಲಾಗ್‌ಬುಕ್, ಫೋಟೋ ನೆಗೆಟಿವ್‌ಗಳು, ರೇಷ್ಮೆಯಂಥ ಬಟ್ಟೆಯ ಮೇಲೆ ಅಚ್ಚಾದ ಒಂದು ನಕ್ಷೆ, ಇನ್ನೂ ತೆರೆಯದ ಭಾರದ ಸಣ್ಣ ಡಬ್ಬಿ ಇವೆ. ಕೋಟಿಗೆ ಬಿಳಿ ಬೂಷ್ಟು ಹಿಡಿದಿದೆ. ಡ್ರೈಕ್ಲೀನ್ ಮಾಡಿಸಿ, ಗಾಜಿನ ಪೆಟ್ಟಿಗೆ ಮಾಡಿಸಿ ಹಾಲ್‌ನಲ್ಲಿ ಇಡೋಣ, ನಮ್ಮ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗಳ ಜೊತೆ ಇಟ್ಟು ಪೂಜೆ ಮಾಡೋಣ ಅಂತ ಮನೆಯವರ ಆಸೆ. ಏನು ಮಾಡಬೇಕು?

ಉತ್ತರ: ಡ್ರೈಕ್ಲೀನ್ ಯೋಚನೆಯನ್ನು ಮೊದಲು ಬಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಹಳೆ ಬಟ್ಟೆ, ಚರ್ಮ, ಕಾಗದ ಉಳಿಸುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಕೊಡಗಿನ ಮನೆಗಳಿಂದ ಬಂದ ಸೇನೆಯ ಬಟ್ಟೆಗಳನ್ನೂ ನೋಡಿದ್ದೇನೆ. ನನ್ನ ಕೈಗೆ ಬಂದವುಗಳಲ್ಲಿ ಮಳೆಯಿಂದ ಹಾಳಾದವಕ್ಕಿಂತ ಮನೆಯವರ ಅಕ್ಕರೆಯಿಂದ ಹಾಳಾದವೇ ಜಾಸ್ತಿ. ಬ್ರಾಸೋ ಹಾಕಿ ತಿಕ್ಕಿ ತಿಕ್ಕಿ ಸವೆದ ಗುಂಡಿ, ತೆಂಗಿನೆಣ್ಣೆ ಕುಡಿದು ಕಪ್ಪಾದ ಬೆಲ್ಟ್, ಇಸ್ತ್ರಿ ಪೆಟ್ಟಿಗೆಗೆ ಸಿಕ್ಕಿ ಸುಕ್ಕಾದ ರೇಷ್ಮೆ. ಹಾಗಾಗಿ ಈ ಉತ್ತರದಲ್ಲಿ ‘ಬೇಡ’ ಅನ್ನುವ ಮಾತೇ ಹೆಚ್ಚು ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ತಾತ ಹೇಳುತ್ತಿದ್ದದ್ದು ವಲ್ಟಿ ವೆಂಜೆನ್ಸ್ ಇರಬೇಕು. ಅಮೆರಿಕದಲ್ಲಿ ತಯಾರಾದ ಡೈವ್ ಬಾಂಬರ್ ಅದು. ಹೆಚ್ಚುಕಮ್ಮಿ ನೇರ ಕೆಳಕ್ಕೆ ಧುಮುಕಿ ಬಾಂಬ್ ಬಿಡುತ್ತಿತ್ತು. ನಮ್ಮ ವಾಯುಪಡೆಯಲ್ಲಿ 7 ಮತ್ತು 8ನೇ ಸ್ಕ್ವಾಡ್ರನ್‌ಗಳು, ಅಂದರೆ ವಿಮಾನ ತುಕಡಿಗಳು, ಇದನ್ನು ಹಾರಿಸಿದವು. 8ನೆಯದು 1943ರ ಕೊನೆಯಲ್ಲಿ ಬರ್ಮಾ ಕರಾವಳಿಯ ಅರಾಕಾನ್ ಕಡೆ ಯುದ್ಧಕ್ಕಿಳಿಯಿತು. 7ನೆಯದು 1944ರಲ್ಲಿ ಇಂಫಾಲ, ಕೊಹಿಮಾ ಕಾಳಗದ ಹೊತ್ತಿಗೆ ಬಂತು. 1944 ಮುಗಿಯುವಷ್ಟರಲ್ಲಿ ಎರಡೂ ಸ್ಕ್ವಾಡ್ರನ್‌ಗಳು ವೆಂಜೆನ್ಸ್ ಬಿಟ್ಟು ಬೇರೆ ವಿಮಾನಗಳಿಗೆ ಹೋಗಿದ್ದವು. ಅಂದರೆ ತಾತ ಅದರಲ್ಲಿ ಯುದ್ಧ ಮಾಡಿದ್ದು ಒಂದು ವರ್ಷದ ಒಳಗಿನ ಕತೆ. ಆ ಕತೆ ಲಾಗ್‌ಬುಕ್‌ನ ಕೆಲವೇ ಪುಟಗಳಲ್ಲಿ ಇರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಟ್ರಂಕಿನಲ್ಲಿ ಇರುವುದೆಲ್ಲ ಯುದ್ಧದ ಕಾಲದ್ದೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ಟೋಪಿಯ ಲಾಂಛನವನ್ನೂ ಕೋಟಿನ ಗುಂಡಿಗಳನ್ನೂ ನೋಡಿ. ವಾಯುಪಡೆಗೆ ‘ರಾಯಲ್’ ಅನ್ನುವ ಪದ ಸೇರಿದ್ದು 1945ರ ಮಾರ್ಚ್‌ನಲ್ಲಿ. ಅದು ಹೋದದ್ದು 1950ರ ಜನವರಿ 26ಕ್ಕೆ. ಕಿರೀಟ ಇದ್ದರೆ ಅದಕ್ಕೆ ಮುಂಚಿನದು, ಅಶೋಕನ ಸಿಂಹಗಳಿದ್ದರೆ ಆಮೇಲಿನದು. ಕೋಟು 1950ರ ನಂತರದ್ದಾದರೆ ಅದರ ಬೆಲೆ ಏನೂ ಕಡಿಮೆಯಾಗುವುದಿಲ್ಲ. ಪಕ್ಕದ ಚೀಟಿಯಲ್ಲಿ ತಪ್ಪು ಬರೆಯಬಾರದು, ಅಷ್ಟೇ.

ಇನ್ನೊಂದು ಮಾತು. ಬರ್ಮಾ ಗಡಿಯ ಸೆಕೆಗೆ ಹೊಂದುವ ಬಟ್ಟೆ ಖಾಕಿ. ಯುದ್ಧಕ್ಕೆ ಹಾರಿದ್ದು ಬಹುಶಃ ನಿಮ್ಮ ಪಟ್ಟಿಯಲ್ಲಿ ಮೂಲೆಗೆ ಬಿದ್ದಿರುವ ಆ ಅಂಗಿ ಚಡ್ಡಿಯೇ. ಮನೆಗಳಲ್ಲಿ ಕೋಟಿಗೆ ಮರ್ಯಾದೆ, ಖಾಕಿ ನೆಲ ಒರೆಸಲು. ಹಾಗೆ ಆಗದಿರಲಿ. ಕಂಕುಳಿನ ಬೆವರಿನ ಕಲೆ, ಗ್ರೀಸ್ ಮಸಿ, ಕಾಲರ್ ಒಳಗೆ ಶಾಯಿಯಲ್ಲಿ ಬರೆದ ಹೆಸರು, ಎಲ್ಲವೂ ಹಾಗೇ ಇರಲಿ. ಒಗೆದರೆ ಹೆಸರು ಮೊದಲು ಹೋಗುತ್ತದೆ.

ಈಗ ಬೂಷ್ಟಿನ ವಿಷಯ. ಇಷ್ಟು ವರ್ಷ ಆ ಟ್ರಂಕ್ ಉಳಿದದ್ದು ಹೇಗೆ ಅಂತ ಯೋಚಿಸಿದ್ದೀರಾ? ಅಡುಗೆಮನೆ ಒಲೆಯ ಹೊಗೆ, ಬಿಸಿ ಅಟ್ಟಕ್ಕೆ ಹೋಗುತ್ತಿತ್ತು, ಅಲ್ವಾ? ಅಟ್ಟ ಒಣಗಿರುತ್ತಿತ್ತು. ಈಗ ಗ್ಯಾಸ್ ಬಂದಿದೆ, ಎಷ್ಟೋ ಐನ್‌ಮನೆಗಳಲ್ಲಿ ಹಬ್ಬಕ್ಕೆ ಬಿಟ್ಟರೆ ಒಲೆ ಹಚ್ಚುವುದಿಲ್ಲ. ಅಟ್ಟ ತಣ್ಣಗಾಗಿದೆ. ಗಾಳಿಯ ತೇವಾಂಶ ಶೇ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಯೊಳಗೆ ಅದು 80, 90ರ ಮೇಲೇ ಇರುತ್ತದೆ. ಮಳೆಗಾಲದಲ್ಲಿ ಟ್ರಂಕ್ ಬಿಚ್ಚಿ ಬಟ್ಟೆ ಹರವಿದರೆ ಆ ತೇವವನ್ನೆಲ್ಲ ನೀವೇ ಒಳಗೆ ಕರೆದ ಹಾಗೆ. ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಒಣಗಿಸುವ ದಿನಗಳಲ್ಲಿ, ಈ ಕೆಲಸ ಇಟ್ಟುಕೊಳ್ಳಿ. ಕಣದಲ್ಲಿ ಕಾಫಿ ಒಣಗುವ ಹವೆಯೇ ನಿಮ್ಮ ಕೋಟಿಗೂ ಬೇಕಾದ ಹವೆ.

ಆದರೆ ಕಾಫಿಯ ಹಾಗೆ ಬಿಸಿಲಿಗೆ ಹಾಕಬೇಡಿ. ಬಣ್ಣ ಹೋಗುತ್ತದೆ, ಉಣ್ಣೆಯ ಎಳೆ ಸಡಿಲವಾಗುತ್ತದೆ. ನೆರಳು, ಗಾಳಿ ಇರುವ ಜಗಲಿ ಸಾಕು. ಮೊದಲು ಪೂರ್ತಿ ಒಣಗಲಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಎಳೆಯೊಳಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಪುಡಿಯಾಗಿ ತಾನೇ ಬಿಡುತ್ತದೆ. ಆಗ ಅಂಗಳದಲ್ಲಿ, ಎನ್-95 ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಕಡಿಮೆ ವೇಗದಲ್ಲಿ ಇಟ್ಟು, ಬಟ್ಟೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿಯಿರಿ. ಕಲೆ ಪೂರ್ತಿ ಹೋಗುವುದಿಲ್ಲ. ಹೋಗಲೇಬೇಕು ಅಂತ ಹಟ ಬೇಡ.

ಬ್ರಷ್ ಮುಟ್ಟುವ ಮುಂಚೆ ಒಂದು ಕೆಲಸ ಇದೆ. ಟ್ರಂಕ್ ತೆರೆದ ಹಾಗೇ ಮೇಲಿನಿಂದ ಫೋಟೋ ತೆಗೆಯಿರಿ. ಒಂದೊಂದು ಪದರ ಎತ್ತಿದಾಗಲೂ ಒಂದು ಫೋಟೋ. ಯಾವ ಜೇಬಿನಲ್ಲಿ ಏನಿತ್ತು ಅಂತ ಬರೆದಿಡಿ. ಸಣ್ಣ ಕೋರಾ ಬಟ್ಟೆ ಪಟ್ಟಿಗೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು ದಾರದಲ್ಲಿ ಕಟ್ಟಿ. ಪೆನ್ ಬೇಡ, ಸ್ಟಿಕ್ಕರ್ ಬೇಡ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಮನೆತನದ ಪತ್ರಕ್ಕೆ ಟೇಪ್ ಅಂಟಿಸಿದ್ದೆ. ಹತ್ತು ವರ್ಷದ ಮೇಲೆ ನೋಡಿದರೆ ಅಂಟು ಇಳಿದು, ಕಂದು ಕಲೆಯ ಅಡಿ ಅಕ್ಷರ ಮುಚ್ಚಿಹೋಗಿತ್ತು. ಆ ಮನೆಯವರ ಮುಂದೆ ತಲೆ ಎತ್ತಲಾಗಲಿಲ್ಲ.

ಕೋಟಿನಲ್ಲಿ ಸಣ್ಣ ತೂತುಗಳಿದ್ದರೆ ನುಸಿ ಹೊಕ್ಕಿದೆ ಅಂತ ಅರ್ಥ. ಮೊಟ್ಟೆ, ಹುಳ ಕಣ್ಣಿಗೆ ಕಾಣದಿದ್ದರೂ ಒಳಗಿರಬಹುದು. ಇದಕ್ಕೆ ಔಷಧಿಗಿಂತ ಚಳಿ ಒಳ್ಳೆಯದು. ಒಣಗಿದ ಕೋಟನ್ನು ಮೆತ್ತಗೆ ಮಡಿಸಿ, ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ತೆಗೆದು ಬಾಯಿ ಮುಚ್ಚಿ. ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ಹೊರಗಿನ ತೇವ ನೀರಾಗಿ ಕೂರುತ್ತದೆ. ಕೊಡಗಿನ ಮನೆಗಳಲ್ಲಿ ಡೀಪ್ ಫ್ರೀಜರ್ ಇರುವುದು ಯಾವುದಕ್ಕೆ ಅಂತ ನನಗೆ ಗೊತ್ತು. ಪಂದಿ ಮಾಂಸದ ಜೊತೆ ಮಾತ್ರ ಇಡಬೇಡಿ, ಎರಡು ವಾರ ಅದಕ್ಕೆ ಬೇರೆ ಜಾಗ ನೋಡಿ. ಉಣ್ಣೆ, ಹತ್ತಿ ಬಟ್ಟೆಗೆ ಮಾತ್ರ ಈ ಉಪಾಯ. ಚರ್ಮದ ಹೆಲ್ಮೆಟ್, ರಬ್ಬರ್, ಫೋಟೋ, ಗಡಿಯಾರ ಫ್ರೀಜರ್‌ಗೆ ಹೋಗಬಾರದು.

ನುಸಿ ಗುಳಿಗೆ ಹಾಕಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರೋ ಹಿರಿಯರು ಹಾಕೇ ಹಾಕುತ್ತಾರೆ. ಅದರ ಹಬೆ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ, ಮನುಷ್ಯರಿಗೂ ಒಳ್ಳೆಯದಲ್ಲ. ಬೇವಿನ ಸೊಪ್ಪು, ಕರಿಮೆಣಸಿನ ಗಂಟು ಇಟ್ಟರೆ ವಾಸನೆಗೆ ಕೆಲವು ಹುಳ ದೂರ ಇದ್ದಾವು. ಒಳಗೆ ಸೇರಿದ ಹುಳ ಸಾಯುವುದಿಲ್ಲ. ಬಟ್ಟೆಗೆ ನೇರ ತಾಗಿದರೆ ಕಲೆ ಬೇರೆ.

ಎಲ್ಲಿ ಇಡುವುದು? ಮತ್ತೆ ಆ ಟ್ರಂಕಿನಲ್ಲಿ ಅಲ್ಲ. ಅದರ ಮೇಲೆ ತಾತನ ಹೆಸರು, ಹುದ್ದೆ ಬಣ್ಣದಲ್ಲಿ ಬರೆದಿದ್ದರೆ ಟ್ರಂಕೂ ಉಳಿಸಬೇಕಾದ ವಸ್ತುವೇ. ಆದರೆ ಒಳಗಿನ ತುಕ್ಕು ಬಟ್ಟೆಗೆ ಹತ್ತುತ್ತದೆ. ಬೀಟೆ ಮರದ ಬೀರುವೂ ಬೇಡ. ಮುಚ್ಚಿದ ಮರದಿಂದ ಬರುವ ಹುಳಿ ಹಬೆ ಲೋಹವನ್ನೂ ಬಟ್ಟೆಯನ್ನೂ ತಿನ್ನುತ್ತದೆ. ಬಿಗಿ ಮುಚ್ಚಳದ, ಆಹಾರ ಇಡಲು ಬಳಸುವ ಪಾಲಿಪ್ರೊಪಿಲೀನ್ ಡಬ್ಬ ತನ್ನಿ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಬದಲು ಸಿಲಿಕೋನ್ ಪಟ್ಟಿ ಇರಲಿ. ನಾನು 60 ಲೀಟರ್ ಡಬ್ಬಕ್ಕೆ ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ ಬಟ್ಟೆ ಚೀಲದಲ್ಲಿ ಕಟ್ಟಿ ಹಾಕುತ್ತೇನೆ. ನೀಲಿ ಬಣ್ಣದ್ದರಲ್ಲಿ ಮೈಗೆ ಒಳ್ಳೆಯದಲ್ಲದ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಕೇಳಿ. ಒಳಗೊಂದು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಇಡಿ, ಮುಚ್ಚಳ ತೆಗೆಯದೆ ಹೊರಗಿನಿಂದ ಕಾಣುವ ಹಾಗೆ. 45ರಿಂದ 55ರ ನಡುವೆ ಇದ್ದರೆ ಬಹಳ ಚೆನ್ನ. 60 ದಾಟಿದರೆ ಜೆಲ್ ತೆಗೆದು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಹಾಕಿ. 40ಕ್ಕಿಂತ ಕೆಳಗೆ ಹೋದರೆ ಸ್ವಲ್ಪ ಜೆಲ್ ಕಡಿಮೆ ಮಾಡಿ. ತೀರಾ ಒಣಗಿದರೆ ಚರ್ಮ ಬಿರಿಯುತ್ತದೆ. ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಮಷಿನ್ ಕೂಡ ಇದೆ. ಆದರೆ ಜುಲೈ ತಿಂಗಳಲ್ಲಿ ನಿಮ್ಮಲ್ಲಿ ಕರೆಂಟ್ ಎಷ್ಟು ದಿನ ಇರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಡಬ್ಬವನ್ನು ಹೊರಗೋಡೆಗೆ ತಾಗಿಸದೆ, ನೆಲಕ್ಕೂ ಅಟ್ಟಕ್ಕೂ ಅಲ್ಲದ, ಮನೆಯ ಒಳಕೋಣೆಯ ಶೆಲ್ಫ್‌ನಲ್ಲಿ ಇಡಿ. ಕೋಟನ್ನು ತಂತಿ ಹ್ಯಾಂಗರ್‌ಗೆ ನೇತು ಹಾಕಬೇಡಿ. ಅದರ ಭಾರಕ್ಕೆ ಭುಜದ ಹೊಲಿಗೆ ಬಿಡುತ್ತದೆ. ಮಲಗಿಸಿ ಇಡಿ. ಕೋರಾ ಬಟ್ಟೆಯನ್ನು ಬಿಸಿನೀರಲ್ಲಿ ಎರಡು ಸಲ ಒಗೆದು ಗಂಜಿ ತೆಗೆಯಿರಿ. ಅದನ್ನು ಸುರುಳಿ ಮಾಡಿ ತೋಳಿನೊಳಗೆ, ಮಡಿಕೆಗಳ ಒಳಗೆ ಇಡಿ. ಗೆರೆ ಬೀಳುವ ಹಾಗೆ ಮಡಿಸಬಾರದು. ಒಗೆದೊಗೆದು ಮೆತ್ತಗಾದ ಹಳೆ ಬಿಳಿ ಪಂಚೆಯೂ ಆಗುತ್ತದೆ. ನ್ಯೂಸ್‌ಪೇಪರ್ ಬೇಡ.

ಗುಂಡಿಗಳನ್ನು ತಿಕ್ಕಬೇಡಿ. ಪಾಲಿಶ್ ಮಾಡಿದಷ್ಟು ಸಲ ಲಾಂಛನದ ಗೆರೆ ಸವೆಯುತ್ತದೆ, ಬಿಳಿ ಪುಡಿ ಉಣ್ಣೆಯಲ್ಲಿ ಕೂತು ಮತ್ತೆ ಬರುವುದಿಲ್ಲ. ಹಿತ್ತಾಳೆ ಚರ್ಮಕ್ಕೆ ತಾಗಿದ ಕಡೆ ಹಸಿರು ಕಿಲುಬು ಮೇಣದ ಹಾಗೆ ಕಟ್ಟಿರುತ್ತದೆ, ಹೆಲ್ಮೆಟ್‌ನ ಬಕಲ್ ಹತ್ತಿರ ನೋಡಿ. ಅದನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ, ನೀರು ಬೇಡ. ಚರ್ಮಕ್ಕೆ ಎಣ್ಣೆ, ಶೂ ಪಾಲಿಶ್ ಹಚ್ಚಬೇಡಿ. ತೆಂಗಿನೆಣ್ಣೆ ಚರ್ಮಕ್ಕಲ್ಲ, ಬೂಷ್ಟಿಗೆ ಊಟ. ಹೆಲ್ಮೆಟ್ ಒಳಗೆ ಬಟ್ಟೆ ಉಂಡೆ ತುಂಬಿ ತಲೆಯ ಆಕಾರ ನಿಲ್ಲಿಸಿ, ಅಷ್ಟು ಸಾಕು. ರಬ್ಬರ್ ಮಾಸ್ಕ್ ಗಟ್ಟಿಯಾಗಿದ್ದರೆ ಬಗ್ಗಿಸಲು ಹೋಗಬೇಡಿ, ಮುರಿಯುತ್ತದೆ. ಹಾಳಾದ ರಬ್ಬರನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಅದನ್ನು ಬೇರೆ ಡಬ್ಬದಲ್ಲಿ ಇಡಿ, ಯಾಕೆಂದರೆ ರಬ್ಬರಿನ ಗಂಧಕ ಬೆಳ್ಳಿಯನ್ನೂ ಜರಿಯನ್ನೂ ಕಪ್ಪು ಮಾಡುತ್ತದೆ.

ಪದಕಗಳ ರಿಬ್ಬನ್ ಮಾಸಿದೆ ಅಂತ ಹೊಸದು ಹಾಕಿಸಬೇಡಿ. ಕಡು ನೀಲಿಯ ನಡುವೆ ಅಗಲ ಕೆಂಪು, ಎರಡೂ ನೀಲಿ ಪಟ್ಟಿಯಲ್ಲಿ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ ಸ್ಟಾರ್. ಹಿಂಬದಿ, ಅಂಚು ತಿರುಗಿಸಿ ನೋಡಿ, ಹೆಸರು ಒತ್ತಿದ್ದರೂ ಇರಬಹುದು.

ಕೈಗಡಿಯಾರದ ವಿಷಯಕ್ಕೆ ಸ್ವಲ್ಪ ನಿಲ್ಲಿ. ಆ ಕಾಲದ ಪೈಲಟ್‌ಗಳ ಗಡಿಯಾರ, ದಿಕ್ಸೂಚಿಗಳಲ್ಲಿ ರಾತ್ರಿ ಹೊಳೆಯಲು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಕತ್ತಲಲ್ಲಿ ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಅಂತ ಜನ ಅಂದುಕೊಳ್ಳುತ್ತಾರೆ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ಗಟ್ಟಿಯಾಗಿದ್ದರೆ ಬೀರುವಿನಲ್ಲಿ ಇಟ್ಟು ನೋಡುವುದಕ್ಕೆ ಹೆದರಬೇಕಿಲ್ಲ. ಆದರೆ ಬಿಚ್ಚಬೇಡಿ, ರಿಪೇರಿ ಅಂಗಡಿಗೆ ಕೊಡಬೇಡಿ, ಮಕ್ಕಳ ಕೈಗೆ ಕಟ್ಟಬೇಡಿ. ಒಳಗಿನ ಬಣ್ಣ ಪುಡಿಯಾಗಿ ಉಸಿರಿಗೆ ಹೋದರೆ ಅಪಾಯ. ಜಿಪ್ ಚೀಲಕ್ಕೆ ಹಾಕಿ, ಸಣ್ಣ ಡಬ್ಬಿಯಲ್ಲಿಟ್ಟು, ‘ರೇಡಿಯಂ ಇದೆ, ತೆರೆಯಬೇಡಿ’ ಅಂತ ಬರೆದು, ಯಾರೂ ಮಲಗದ, ಗಾಳಿಯಾಡುವ ಕೋಣೆಯಲ್ಲಿ ಇಡಿ.

ತೆರೆಯದ ಆ ಡಬ್ಬಿ. ಅಲ್ಲಾಡಿಸಿದರೆ ಲೋಹದ ಸದ್ದು ಬರುತ್ತದೆಯಾ ಅಂತ ಪರೀಕ್ಷೆ ಮಾಡಲು ಹೋಗಬೇಡಿ. ಗುಂಡುಗಳಿರಬಹುದು. ಪೊಲೀಸ್ ಠಾಣೆಗೆ ಫೋನ್ ಮಾಡಿ ಅವರನ್ನೇ ಮನೆಗೆ ಕರೆಯಿರಿ, ನೀವು ಹೊತ್ತುಕೊಂಡು ಹೋಗಬೇಡಿ. ನಮಗೆ ಲೈಸೆನ್ಸ್ ಬೇಡ, ವಿನಾಯಿತಿ ಇದೆ ಅಂತ ಯಾರಾದರೂ ಅನ್ನಬಹುದು. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ರೈಫಲ್, ಕೋವಿಗೆ, ಅವುಗಳ ಲೆಕ್ಕದ ಮದ್ದುಗುಂಡಿಗೆ. ಪಿಸ್ತೂಲು, ರಿವಾಲ್ವರ್ ಅದರಲ್ಲಿ ಬರುವುದಿಲ್ಲ.

ನೆಗೆಟಿವ್‌ಗಳನ್ನು ಮೂಸಿ ನೋಡಿ. ಕಾಚಂಪುಳಿ ಬಾಟಲಿ ತೆರೆದ ಹಾಗೆ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ, ಪಕ್ಕದ ಫಿಲ್ಮ್‌ಗೂ ಹರಡುತ್ತದೆ. ಹಳದಿಯಾಗಿ ಅಂಟಂಟಾಗಿದ್ದರೆ ಅದು ನೈಟ್ರೇಟ್ ಇರಬಹುದು, ಬೇಗ ಬೆಂಕಿ ಹಿಡಿಯುವ ಜಾತಿ. ಎರಡನ್ನೂ ಕಾಗದದ ಲಕೋಟೆಯಲ್ಲಿ ಒಂದೊಂದಾಗಿ ಹಾಕಿ ಉಳಿದ ವಸ್ತುಗಳಿಂದ ದೂರ ತಂಪಾದ ಕಡೆ ಇಡಿ, ಬೇಗ ಸ್ಕ್ಯಾನ್ ಮಾಡಿಸಿ. ಬಟ್ಟೆಯ ನಕ್ಷೆ ಕಾಡಿನಲ್ಲಿ ಬಿದ್ದ ಪೈಲಟ್ ದಾರಿ ಹುಡುಕಿಕೊಂಡು ಬರಲು ಕೊಡುತ್ತಿದ್ದದ್ದು. ನೀರು ತಾಗಿದರೂ ಹಾಳಾಗದೆ ಇರಲಿ ಅಂತಲೇ ಕಾಗದ ಬಿಟ್ಟು ಬಟ್ಟೆ ಬಳಸಿದ್ದರು. ಆದರೆ ಅದು 80 ವರ್ಷದ ಹಿಂದಿನ ಮಾತು. ಈಗ ಒಗೆಯುವುದೂ ಬೇಡ, ಇಸ್ತ್ರಿಯೂ ಬೇಡ. ದಪ್ಪ ರಟ್ಟಿನ ಕೊಳವೆಗೆ ಕೋರಾ ಬಟ್ಟೆ ಸುತ್ತಿ, ಅದರ ಮೇಲೆ ನಕ್ಷೆಯನ್ನು ಸಡಿಲವಾಗಿ ಸುತ್ತಿಡಿ.

ಗಾಜಿನ ಪೆಟ್ಟಿಗೆ ನನಗೆ ಇಷ್ಟವಿಲ್ಲ. ಹಾಲ್‌ನಲ್ಲಿ ಹಗಲಿಡೀ ಬೆಳಕು, ಮಳೆಗಾಲದಲ್ಲಿ ಗಾಜಿನ ಒಳಗೆ ಬೆವರು. ಮಾಡಿಸಲೇಬೇಕು ಅಂದರೆ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಟೋಪಿ, ಪದಕ ಇಡಿ. ಉಳಿದ ಒಂಬತ್ತು ತಿಂಗಳು ತಾತನ ಒಂದು ದೊಡ್ಡ ಫೋಟೋ ಮಾಡಿಸಿ ಇಡಿ.

ಕೈಲ್‌ಪೊಳ್ದ್ ಬಗ್ಗೆ ಬೇಡ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಯುದ್ಧ ಮಾಡಿದ ಹಿರಿಯರ ವಸ್ತು ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಕೂರುವುದು ಸಹಜವೇ. ಆದರೆ ಸೆಪ್ಟೆಂಬರ್ 3 ಅಂದರೆ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಕೋವಿಗೆ ಎಣ್ಣೆ ಒರೆಸಿದರೆ ಅದಕ್ಕೆ ಒಳ್ಳೆಯದು. ಉಣ್ಣೆಗೆ ಗಂಧ ತಾಗಿದರೆ ಕಲೆ, ಕೋವಿಗೆ ಮುಡಿಸುವ ತೋಕ್ ಪೂ ಹೂವಿನ ರಸ ತಾಗಿದರೆ ಇನ್ನೊಂದು ಕಲೆ. ಹಾಗಾಗಿ ಬಟ್ಟೆ ಡಬ್ಬದಲ್ಲೇ ಇರಲಿ. ಪದಕಗಳನ್ನು ಒಂದು ತಟ್ಟೆಯಲ್ಲಿ ಬಿಳಿ ಬಟ್ಟೆಯ ಮೇಲೆ ಇಡಿ, ಹೂವು, ಗಂಧ ಪಕ್ಕದ ತಟ್ಟೆಯಲ್ಲಿ ಇರಲಿ. ಸಂಜೆಗೆ ಒಣ ಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ವಾಪಸ್. ಮನೆಯ ಹಿರಿಯರು ಒಪ್ಪದಿದ್ದರೆ ಈ ಉತ್ತರವನ್ನು ಓದಿ ಹೇಳಿ, ಬೈಗುಳ ನನಗೆ ಇರಲಿ.

ಲಾಗ್‌ಬುಕ್ ಅನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನನ್ನ ಮಟ್ಟಿಗೆ ಇಡೀ ಟ್ರಂಕಿನಲ್ಲಿ ಅದೇ ದೊಡ್ಡದು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬರಿಗೈಯಲ್ಲಿ ಪುಟ ತಿರುಗಿಸಿ. ಬಟ್ಟೆಯ ಗ್ಲೌಸ್ ಹಾಕಿದರೆ ಪುಟದ ಅಂಚು ಸಿಕ್ಕಿ ಹರಿಯುತ್ತದೆ. ರಾತ್ರಿ ಹಾರಾಟಗಳನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿ ಇತ್ತು. ಆ ಕೆಂಪು ಬೆಳಕಿಗೂ ನೀರಿಗೂ ಬೇಗ ಹೋಗುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತದೆ, ಎರಡು ಕಡೆ ಬಟ್ಟೆ ಸುರುಳಿಯ ಆಸರೆ ಕೊಟ್ಟು, ಕಿಟಕಿಯ ಹತ್ತಿರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ ಪ್ರತಿ ಪುಟದ ಫೋಟೋ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಒಂದು ಪ್ರತಿ ಕೊಡಗಿನ ಹೊರಗೆ ಇರುವ ಯಾರದಾದರೂ ಹತ್ತಿರ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆಯ ಜೊತೆ ಏನೇನು ಹೋಯಿತು ಅಂತ ನಿಮಗೆ ಬೇರೆ ಹೇಳಬೇಕಿಲ್ಲ.

ಕಾಗದಕ್ಕೆ ಯಾಕೆ ಇಷ್ಟು ಒತ್ತು ಅಂದರೆ, ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಿಂದ ಅವರು ಮರಳಲಿಲ್ಲ. ತಮಗಿಂತ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಆಚೆ ಕಡೆಯ ವಿವರ ಬರಹಕ್ಕೆ ಬಂದ ಮೇಲೆ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಯಾರೋ ಎಲ್ಲೋ ಬರೆದಿಟ್ಟದ್ದರಿಂದ.

ನಿಮಗೆ ಧೈರ್ಯ ಸಾಲದಿದ್ದರೆ ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ. ಫೋಟೋ ಕಳಿಸಿ ಮೊದಲು ಮಾತಾಡಿ. ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಅನ್ನಿಸಿದರೆ ಮಡಿಕೇರಿಯ ಸನ್ನಿ ಸೈಡ್‌ನಲ್ಲಿರುವ ಜನರಲ್ ತಿಮ್ಮಯ್ಯ ಮ್ಯೂಸಿಯಂ ಹತ್ತಿರವೇ ಇದೆ, ದೆಹಲಿಯ ಪಾಲಂನಲ್ಲಿ ವಾಯುಪಡೆಯ ಮ್ಯೂಸಿಯಂ ಇದೆ. ದಾನವೋ, ಸ್ವಲ್ಪ ಕಾಲಕ್ಕೆ ಕೊಡುವುದೋ ಅಂತ ಕಾಗದದಲ್ಲಿ ಬರೆಸಿಕೊಂಡೇ ಕೊಡಿ.

ಫೋಟೋ ತೆಗೆಯುವಾಗ 1944ರ ಪುಟಗಳಲ್ಲಿ ಒಂದು ಅಂಕಣ ನೋಡಿ. ಪೈಲಟ್ ಹೆಸರಿನ ಪಕ್ಕ ಎರಡನೆಯವರ ಹೆಸರು ಬರೆಯುವ ಜಾಗ ಅದು. ವೆಂಜೆನ್ಸ್‌ನಲ್ಲಿ ಇಬ್ಬರೇ ಕೂರುತ್ತಿದ್ದರು. ಮುಂದೆ ತಾತ, ಹಿಂದೆ ದಾರಿ ನೋಡಿ ಗನ್ ಹಿಡಿಯುವವರು. ಹಾರಾಟದ ಮೇಲೆ ಹಾರಾಟಕ್ಕೆ ಅದೇ ಹೆಸರು ಬಂದಿದೆಯಾ? ಪಂಜಾಬಿನಲ್ಲೋ ಬಂಗಾಳದಲ್ಲೋ ಅವರ ಮೊಮ್ಮಕ್ಕಳ ಮನೆಯಲ್ಲೂ ಇಂಥದ್ದೇ ಒಂದು ಟ್ರಂಕ್ ಇರಬಹುದು. ಆ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಅಪ್ಪನಿಗೆ ಓದಿ ಹೇಳಿ. ತಾತ ಆ ಹೆಸರನ್ನು ಯಾವತ್ತಾದರೂ ಹೇಳಿದ್ದು ಅವರಿಗೆ ನೆನಪಿದ್ದರೆ, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಇದಕ್ಕೆ ಮಾತ್ರ ಜನವರಿವರೆಗೆ ಕಾಯಬೇಡಿ.